ದೂರದ ಲೆಕ್ಕ, ಹೊತ್ತಿನ ಲೆಕ್ಕ



ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ ಎಂದು ಕೇಳಿದರೆ, ಮಕ್ಕಳನ್ನು ಅಲ್ಲಿಗೆ ಕಳಿಸಿದ ಹಿರಿಯರು ಗಂಟೆಗಳ ಲೆಕ್ಕ ಹೇಳುತ್ತಾರೆ. ಅದೇ ಸರಿ; ಆಕಾಶದಲ್ಲಿ ಹತ್ತಿರದ ದಾರಿಯೇ ಬೇಗ ಮುಟ್ಟಿಸುತ್ತದೆ ಎಂಬ ಭರವಸೆಯಿಲ್ಲ.

ಗೋಡೆಯ ಭೂಪಟದಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ ಅಡಿಪಟ್ಟಿ ಇಟ್ಟು ಗೆರೆ ಎಳೆಯಿರಿ. ಬಂಗಾಳ ಕೊಲ್ಲಿ, ವಿಯೆಟ್ನಾಂ, ಪೆಸಿಫಿಕ್ ಸಾಗರ ದಾಟುವ ಆ ದಾರಿ ಸುಮಾರು 16,000 ಕಿ.ಮೀ. ಈಗ ಈ ಮೇಜಿನ ಮೇಲಿರುವ ಭೂಗೋಳಕ್ಕೆ ದಾರ ಹಿಡಿದು ಬಿಗಿಯಾಗಿ ಎಳೆಯುತ್ತೇನೆ, ನೋಡಿ. ದಾರ ತಾನಾಗಿಯೇ ಉತ್ತರಕ್ಕೆ ಸರಿಯುತ್ತದೆ: ನೇಪಾಳ, ಟಿಬೆಟ್, ಸೈಬೀರಿಯಾ, ಅಲಾಸ್ಕಾ. ಉದ್ದ ಸುಮಾರು 14,000 ಕಿ.ಮೀ. ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಹಾಗೆಂದು ವಿಮಾನಗಳು ಈ ದಾರವನ್ನೇ ಹಿಡಿದು ಹೋಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ವಿಮಾನ ತಕ್ಷಣ ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟ್‌ನ ನೆಲವೇ ಅದಕ್ಕಿಂತ ಎತ್ತರ! ಆದ್ದರಿಂದ ಪೈಲಟ್‌ಗಳು ಸಾಧ್ಯವಾದಷ್ಟು ಅದನ್ನು ತಪ್ಪಿಸಿ ಸುತ್ತಿಕೊಂಡು ಹೋಗುತ್ತಾರೆ.

ಗಾಳಿಯ ಆಟ ಇನ್ನೂ ಸ್ವಾರಸ್ಯ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟುವುದುಂಟು. 2016ರಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಕಡೆಯಿಂದ ಹಾರಿಸಿತು. ದಾರಿ ಉದ್ದವಾಯಿತು, ಸುಮಾರು 15,300 ಕಿ.ಮೀ. ಆದರೂ ಗಾಳಿ ಬೆನ್ನಿಗಿದ್ದುದರಿಂದ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು, ಮೊದಲಿಗಿಂತ ಬೇಗ.

ಇನ್ನು ಗಡಿಯಾರ. 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ. ಅವರು ಉತ್ತರ ಧ್ರುವ ಪ್ರದೇಶದ ಮೇಲಿನಿಂದ ಬಂದರು. ವೇಳಾಪಟ್ಟಿಯಲ್ಲಿ ಹೊರಡುವುದು 9ರ ರಾತ್ರಿ 8.30, ಇಳಿಯುವುದು 11ರ ಬೆಳಗಿನ ಜಾವ 3.45. ನೋಡಿದವರಿಗೆ ಎರಡು ದಿನದ ಪ್ರಯಾಣ ಅನ್ನಿಸುತ್ತದೆ. ಆದರೆ ಚಳಿಗಾಲದಲ್ಲಿ ನಾವು ಸ್ಯಾನ್ ಫ್ರಾನ್ಸಿಸ್ಕೋಗಿಂತ ಹದಿಮೂರೂವರೆ ಗಂಟೆ ಮುಂದೆ. ವಿಮಾನ ಹೊರಡುವಾಗ ನಮ್ಮಲ್ಲಿ ಆಗಲೇ 10ನೇ ತಾರೀಖು, ಬೆಳಿಗ್ಗೆ 10 ಗಂಟೆ. ಅಲ್ಲಿಂದ ಎಣಿಸಿ: ಹದಿನೇಳೂ ಮುಕ್ಕಾಲು ಗಂಟೆ, ಅಷ್ಟೇ.

ಕೊನೆಯದು ರಾಜಕೀಯ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಭೂಮಿ ಒಂದು ಅಂಗುಲವೂ ಹಿಗ್ಗಲಿಲ್ಲ; ಆದರೂ ಅವುಗಳ ಕೆಲವು ಮಾರ್ಗಗಳು ಗಂಟೆಗಟ್ಟಲೆ ಉದ್ದವಾದವು. ಊರುಗಳ ನಡುವಿನ ದೂರವನ್ನು ಭೂಮಿ ನಿಗದಿ ಮಾಡುತ್ತದೆ. ಹೊತ್ತನ್ನು ಬೆಟ್ಟ, ಗಾಳಿ, ಸರ್ಕಾರಗಳು ಸೇರಿ ನಿಗದಿ ಮಾಡುತ್ತವೆ. ಆದ್ದರಿಂದ ಟಿಕೆಟ್ ಕೊಳ್ಳುವಾಗ ಕಿಲೋಮೀಟರ್ ಬಿಡಿ. ಎರಡೂ ಊರಿನ ವೇಳೆಯನ್ನು ಒಂದೇ ಗಡಿಯಾರಕ್ಕೆ ತಂದು ಗಂಟೆ ಎಣಿಸಿ.