ಪ್ರಬಂಧದ ಮೇಲೆ ಯಾರ ಹೆಸರು?



ಸಂಶೋಧನಾ ಪ್ರಬಂಧದ ಶೀರ್ಷಿಕೆಯ ಕೆಳಗೆ ಲೇಖಕರ ಹೆಸರುಗಳಿರುತ್ತವೆ. ಅಲ್ಲಿ ಯಾರ ಹೆಸರಿರಬೇಕು, ಯಾರದು ಇರಬಾರದು? ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. ಒಂದು ನಿದರ್ಶನ ನೋಡೋಣ.

ಅಮೆರಿಕದ ರಾಲ್ಫ್ ಆಲ್ಫರ್ ಎಂಬ ತರುಣ, ಭೌತವಿಜ್ಞಾನಿ ಜಾರ್ಜ್ ಗ್ಯಾಮೊ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ.ಗಾಗಿ ದುಡಿಯುತ್ತಿದ್ದರು. ವಿಶ್ವದ ಆದಿಯಲ್ಲಿ ಮೂಲಧಾತುಗಳು ಹುಟ್ಟಿದ್ದು ಹೇಗೆ ಎಂಬುದು ಅವರ ವಿಷಯ. ಪ್ರಬಂಧ ಸಿದ್ಧವಾದಾಗ ವಿನೋದಪ್ರಿಯರಾದ ಗ್ಯಾಮೊ, ತಮ್ಮ ಮಿತ್ರ ಹಾನ್ಸ್ ಬೆಥೆಯವರ ಹೆಸರನ್ನು ನಡುವೆ ಸೇರಿಸಿಬಿಟ್ಟರು. ಆಲ್ಫರ್, ಬೆಥೆ, ಗ್ಯಾಮೊ ಎಂದರೆ ಗ್ರೀಕ್ ಅಕ್ಷರಗಳಾದ ಆಲ್ಫಾ, ಬೀಟಾ, ಗ್ಯಾಮಾ ನೆನಪಾಗುತ್ತವಲ್ಲ! ಬೆಥೆ ಆ ಸಂಶೋಧನೆಯಲ್ಲಿ ಭಾಗವಹಿಸಿರಲೇ ಇಲ್ಲ. ಪ್ರಬಂಧ 1948ರ ಏಪ್ರಿಲ್ 1ರ 'ಫಿಸಿಕಲ್ ರಿವ್ಯೂ' ಸಂಚಿಕೆಯಲ್ಲಿ ಅಚ್ಚಾಯಿತು.

ಈ ತಮಾಷೆಗೆ ಬೆಲೆ ತೆತ್ತವರು ವಿದ್ಯಾರ್ಥಿ. ಇಬ್ಬರು ಖ್ಯಾತನಾಮರ ಜೊತೆ ಅಪರಿಚಿತ ತರುಣನೊಬ್ಬನ ಹೆಸರಿದ್ದರೆ, ಕೆಲಸ ದೊಡ್ಡವರದೇ ಎಂದು ಓದುಗರು ಭಾವಿಸುವುದು ಸಹಜ. ತಮ್ಮ ಪಾಲು ಮರೆಯಾಯಿತೆಂಬ ಕೊರಗು ಆಲ್ಫರ್ ಅವರಿಗೆ ಬಹುಕಾಲ ಉಳಿಯಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಅವರಿಗೆ ಸಂದದ್ದು 2007ರಲ್ಲಿ. ಅದೇ ವರ್ಷ ಅವರು ತೀರಿಕೊಂಡರು.

ಹಾಗಾದರೆ ಅಳತೆಗೋಲು ಯಾವುದು? ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ನಾಲ್ಕು ನಿಯಮಗಳನ್ನು ಹೇಳುತ್ತದೆ. ಸಂಶೋಧನೆಯ ಯೋಜನೆಯಲ್ಲೋ ಮಾಹಿತಿಯ ಸಂಗ್ರಹ, ವಿಶ್ಲೇಷಣೆಯಲ್ಲೋ ಗಣನೀಯ ಪಾಲಿರಬೇಕು. ಪ್ರಬಂಧವನ್ನು ಬರೆದಿರಬೇಕು ಅಥವಾ ವಿಮರ್ಶಿಸಿ ತಿದ್ದಿರಬೇಕು. ಅಂತಿಮ ಪ್ರತಿಗೆ ಒಪ್ಪಿಗೆ ನೀಡಿರಬೇಕು. ಕೆಲಸಕ್ಕೆ ಹೊಣೆ ಹೊರಲು ಸಿದ್ಧರಿರಬೇಕು. ಈ ನಾಲ್ಕೂ ಕೂಡಿದರೆ ಮಾತ್ರ ಲೇಖಕ. ಹಣ ಒದಗಿಸಿದವರಿಗೆ, ಕೇವಲ ಮೇಲ್ವಿಚಾರಣೆ ಮಾಡಿದವರಿಗೆ ಕೃತಜ್ಞತೆ ಹೇಳಿದರೆ ಸಾಕು.

ಆದರೆ ಈ ನಿಯಮವೇ ಕಿರಿಯರನ್ನು ಹೊರಗಿಡುವ ಬಾಗಿಲಾಗಬಾರದು. ಪ್ರಯೋಗವನ್ನೆಲ್ಲ ಅವರಿಂದ ಮಾಡಿಸಿ, ಕರಡನ್ನು ತೋರಿಸದೆ, 'ನೀನು ಬರೆಯಲಿಲ್ಲವಲ್ಲ' ಎನ್ನುವಂತಿಲ್ಲ. ದುಡಿದವರಿಗೆ ಬರೆಯುವ, ತಿದ್ದುವ ಅವಕಾಶ ಕೊಡಬೇಕೆಂದು ಅದೇ ಸಮಿತಿ ಸ್ಪಷ್ಟವಾಗಿ ಹೇಳಿದೆ.

ಹೆಸರುಗಳ ಸಂಖ್ಯೆಗೆ ಮಿತಿಯಿಲ್ಲ. ಹಿಗ್ಸ್ ಕಣದ ದ್ರವ್ಯರಾಶಿ ಅಳೆದ 2015ರ ಪ್ರಬಂಧಕ್ಕೆ 5,154 ಲೇಖಕರು! ಅಂಥ ಬೃಹತ್ ಯಂತ್ರಕ್ಕೆ ಅಷ್ಟು ಕೈಗಳು ಬೇಕಾಗುತ್ತವೆ. ಆದರೆ ದುಡಿಯದ ಒಂದೇ ಹೆಸರು ಸೇರಿದರೂ ದುಡಿದವರ ಹೆಸರು ಮಸುಕಾಗುತ್ತದೆ.

ನಾಳೆ ನೀವೂ ಗೆಳೆಯರೊಂದಿಗೆ ಪ್ರಾಜೆಕ್ಟ್ ವರದಿ ಸಿದ್ಧಪಡಿಸುವಿರಿ. ಯಾರ ಕೆಲಸ ಏನೆಂದು ಮೊದಲ ದಿನವೇ ಬರೆದಿಡಿ. ಮುಗಿದ ಮೇಲೆ ಪ್ರತಿಯೊಂದು ಹೆಸರನ್ನೂ ಓದಿ ಕೇಳಿಕೊಳ್ಳಿ: ಇದರಲ್ಲಿ ತಪ್ಪು ಕಂಡುಬಂದರೆ ಉತ್ತರ ಹೇಳಲು ಇವರು ಎದ್ದು ನಿಲ್ಲುವರೇ? ನಿಲ್ಲುವವರ ಹೆಸರು ಬಿಡಬೇಡಿ. ನಿಲ್ಲದವರ ಹೆಸರು ಸೇರಿಸಬೇಡಿ.