ಶುಲ್ಕ ಕಟ್ಟುವ ಮುನ್ನ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹೆತ್ತವರೊಡನೆ ಒಂದು ಮಾತು. 2023ರಲ್ಲಿ ಜಗತ್ತಿನಲ್ಲಿ 58 ಲಕ್ಷ ದಾದಿಯರ ಕೊರತೆಯಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದೇ ವರ್ಷದ ಕೇಂದ್ರ ಬಜೆಟ್ 157 ಹೊಸ ನರ್ಸಿಂಗ್ ಕಾಲೇಜುಗಳನ್ನು ಘೋಷಿಸಿತು. ನಮ್ಮ ರಾಜ್ಯದಲ್ಲಂತೂ ಖಾಸಗಿ ಕಾಲೇಜುಗಳು ಮೊದಲೇ ಹೇರಳ. ಆದರೆ ರೋಗಿಯ ಹಾಸಿಗೆಯ ಬಳಿ ನಿಂತು ಕಲಿಯದೆ ಯಾರೂ ದಾದಿಯಾಗಲಾರರು. ಶುಲ್ಕ ಕಟ್ಟುವ ಮುನ್ನ ಕೇಳೋಣ: ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ? ತರಬೇತಿ ಯಾವ ಆಸ್ಪತ್ರೆಯಲ್ಲಿ? ಮಾನ್ಯತೆಯಿಲ್ಲದೆ ನೋಂದಣಿಯಿಲ್ಲ, ನೋಂದಣಿಯಿಲ್ಲದೆ ಸರಕಾರಿ ನೌಕರಿಯೂ ಇಲ್ಲ.

ಇನ್ನು ರಾತ್ರಿ ಪಾಳಿಯ ಮಾತು. ಅದೇ ಕಾರಣವೊಡ್ಡಿ ಮಗಳನ್ನು ತಡೆಯುವ ನಾವೇ, ಸೊಸೆಯ ಹೆರಿಗೆಗೆ ನಡುರಾತ್ರಿ ಮಹಿಳಾ ದಾದಿಯನ್ನು ಹುಡುಕುತ್ತೇವೆ! ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್‌ರನ್ನು ರುಫೈದಾರವರ ಡೇರೆಗೆ ಒಯ್ಯಲು ಪ್ರವಾದಿ(ಸ)ಯವರೇ ಹೇಳಿದ್ದರು. ಆ ಡೇರೆ ಇದ್ದುದು ಮಸೀದಿಯಲ್ಲಿ.