ಎಂಜಿನ್ ಕೆಟ್ಟಿತು: ರಿಪೇರಿಯೋ, ಹೊಸತೋ?



ಇವತ್ತು ನಾವು ದೋಣಿಯ ಎಂಜಿನ್ ಬಗ್ಗೆ ಮಾತಾಡೋಣ. "ಎಂಜಿನ್ ಗಂಡಸರ ವಿಷಯ, ನಮಗ್ಯಾಕೆ?" ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಎಂಜಿನ್ ಕೆಟ್ಟರೆ ನಮ್ಮ ಬುಟ್ಟಿಗೆ ಮೀನು ಬರೋದಿಲ್ಲ. ದುಡ್ಡು ಬೇಕಾದಾಗ ನಮ್ಮ ಕುತ್ತಿಗೆಯ ಸರ ಅಡವಿಗೆ ಹೋಗುತ್ತದೆ. ಸಂಘದ ಸಾಲಕ್ಕೆ ಸಹಿ ಹಾಕುವವರೂ ನಾವೇ. ಸಾಲ ನಮ್ಮ ಹೆಸರಿನಲ್ಲಿ ಇದ್ದ ಮೇಲೆ ತೀರ್ಮಾನದಲ್ಲೂ ನಮ್ಮ ಮಾತು ಇರಬೇಕು. ಹೌದಲ್ಲ?

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. 10 ಹೆಚ್.ಪಿ.ವರೆಗಿನ ಎಂಜಿನ್ ಇರುವ ನಾಡದೋಣಿಗೆ ಮಾತ್ರ ಅನುಮತಿ ಇದೆ. ಮಳೆಗಾಲವೇ ನಾಡದೋಣಿಯವರ ಸುಗ್ಗಿ. ಆದರೆ ಅಳಿವೆಯಲ್ಲಿ ಅಲೆ ಜೋರಾಗುವುದೂ ಆಗಲೇ. ದೋಣಿ ಮಗುಚುತ್ತದೆ. ಎಂಜಿನ್ ಒಳಗೆ ಉಪ್ಪುನೀರು ಹೋಗುತ್ತದೆ. ದುಡಿಮೆಯ ದಿನ ಹೋಯಿತಲ್ಲ ಅನ್ನುವ ಅವಸರದಲ್ಲಿ ನಾವು ಸಾಲ ಮಾಡಿಬಿಡುತ್ತೇವೆ. ಇಲ್ಲಿಯೇ ಸ್ವಲ್ಪ ನಿಲ್ಲಬೇಕು.

ಮೊದಲು ಜೀವ. ಎಲ್ಲರೂ ದಡ ಸೇರಿದ ಮೇಲೆ ಎಂಜಿನ್. ನೀರಿಗೆ ಬಿದ್ದ ಎಂಜಿನನ್ನು ಹಗ್ಗ ಎಳೆದು ಸ್ಟಾರ್ಟ್ ಮಾಡಲು ಹೋಗಬಾರದು. ಒಳಗೆ ನೀರು, ಮರಳು ಇದ್ದರೆ ಇನ್ನೂ ಹೆಚ್ಚು ಹಾಳಾಗುತ್ತದೆ. ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಅದೇ ದಿನ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಉಪ್ಪು ಮತ್ತು ಗಾಳಿ ಸೇರಿದರೆ ಕೆಲವೇ ಗಂಟೆಗಳಲ್ಲಿ ತುಕ್ಕು ಹಿಡಿಯಲು ಶುರುವಾಗುತ್ತದೆ. ಒಂದು ದಿನ ತಡ ಮಾಡಿದರೆ ರಿಪೇರಿ ಆಗುವ ಎಂಜಿನ್ ಕೂಡ ಗುಜರಿಗೆ ಹೋಗಬಹುದು.

ಎಂಜಿನ್ ಬಿಚ್ಚಿ ನೋಡುವವರೆಗೆ ಯಾವ ತೀರ್ಮಾನವೂ ಬೇಡ. ಬಿಚ್ಚಿದ ಮೇಲೆ ಮೆಕ್ಯಾನಿಕ್ ಅಣ್ಣನಿಗೆ ನಾಲ್ಕು ಪ್ರಶ್ನೆ ಕೇಳೋಣ.

ಒಂದು: ಏನೇನು ಹೋಗಿದೆ? ಪ್ಲಗ್, ಕಾಯಿಲ್, ಪಿಸ್ಟನ್ ರಿಂಗ್, ನೀರಿನ ಪಂಪಿನ ರಬ್ಬರ್ ಚಕ್ರ, ಇವು ಬದಲಾಯಿಸುವ ವಸ್ತುಗಳು. ಸಿಲಿಂಡರಿನಲ್ಲಿ ಗೀರು ಬಿದ್ದಿದ್ದರೆ ಬೋರ್ ಮಾಡಿಸಿ ಸ್ವಲ್ಪ ದೊಡ್ಡ ಪಿಸ್ಟನ್ ಹಾಕಿಸಬಹುದು. ಆದರೆ ಬ್ಲಾಕ್ ಒಡೆದಿದ್ದರೆ, ಒಳಗೆಲ್ಲ ಉಪ್ಪು ತಿಂದಿದ್ದರೆ, ಹೊಸ ಎಂಜಿನ್ ಬಗ್ಗೆ ಯೋಚಿಸಬೇಕಾಗುತ್ತದೆ.

ಎರಡು: ಯಾಕೆ ಹೋಯಿತು? ಎಣ್ಣೆ ಕಡಿಮೆ ಹಾಕಿದ್ದೋ? ನೀರಿನ ದಾರಿಯಲ್ಲಿ ಮರಳು ಕಟ್ಟಿ ಎಂಜಿನ್ ಕಾದದ್ದೋ? ಕಾರಣ ಸರಿಪಡಿಸದಿದ್ದರೆ ಹೊಸ ಎಂಜಿನ್ ಕೂಡ ಹಾಗೆಯೇ ಕೆಡುತ್ತದೆ.

ಮೂರು: ಇದರ ಸ್ಪೇರ್ ಸಿಗುತ್ತದೆಯೇ? ಹಳೇ ಮಾಡೆಲಿನ ಸ್ಪೇರ್ ಸಿಗದಿದ್ದರೆ ಇಂದು ರಿಪೇರಿ ಆದರೂ ನಾಳೆ ಕಷ್ಟ.

ನಾಲ್ಕು: ರಿಪೇರಿ ಮಾಡಿದರೆ ಎಷ್ಟು ವರ್ಷ ಬಾಳುತ್ತದೆ?

ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಒಂದೊಂದು ಸಾಮಾನಿಗೂ ಎಷ್ಟು, ಕೂಲಿ ಎಷ್ಟು ಅಂತ ಬೇರೆ ಬೇರೆ ಇರಲಿ. "ಒಟ್ಟು ಇಷ್ಟಾಗುತ್ತದೆ" ಅನ್ನುವ ಬಾಯಿಮಾತು ಸಾಲದು. ಆಗುವುದಾದರೆ ಇನ್ನೊಬ್ಬ ಮೆಕ್ಯಾನಿಕ್‌ಗೂ ತೋರಿಸಿ.

ಈಗ ಒಂದು ಲೆಕ್ಕ ಹಾಕೋಣ. ಇದು ಕಲಿಯಲಿಕ್ಕೆ ಹಾಕಿದ ಲೆಕ್ಕ. ಅಂಗಡಿಯ ದರ ಬೇರೆ ಇರುತ್ತದೆ.

ರಿಪೇರಿಗೆ 45,000 ರೂಪಾಯಿ. ಅದು 3 ವರ್ಷ ಬಾಳಿದರೆ ವರ್ಷಕ್ಕೆ 15,000 ಆಯಿತು. ಹೊಸ ಎಂಜಿನ್‌ಗೆ 1,60,000 ರೂಪಾಯಿ. ಅದು 8 ವರ್ಷ ಬಾಳಿದರೆ ವರ್ಷಕ್ಕೆ 20,000. ಮೇಲೆ ಸಾಲದ ಬಡ್ಡಿ. ಹಾಗಾದರೆ ರಿಪೇರಿಯೇ ಲಾಭ. ಆದರೆ ಆ ರಿಪೇರಿ ಒಂದೇ ವರ್ಷ ಬಾಳಿದರೆ? ಆ ಒಂದು ವರ್ಷಕ್ಕೇ 45,000 ಹೋಯಿತು. ಆಗ ಹೊಸತೇ ಲಾಭ. ನೋಡಿ, ಬೆಲೆ ಒಂದನ್ನೇ ನೋಡಿದರೆ ಉತ್ತರ ಸಿಗೋದಿಲ್ಲ. ಎಷ್ಟು ವರ್ಷ ಅನ್ನುವುದನ್ನೂ ನೋಡಬೇಕು. ಕಡಲಿನ ಮಧ್ಯೆ ಪದೇ ಪದೇ ನಿಂತುಬಿಡುವ ಎಂಜಿನ್ ಆದರೆ ಈ ಲೆಕ್ಕವೂ ಬೇಡ. ಅಲ್ಲಿ ಇರುವುದು ನಮ್ಮ ಮನೆಯವರ ಜೀವ.

ಹೊಸತು ಕೊಳ್ಳುವುದೇ ಆದರೆ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಕೇಳಿ. ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಹಾಕಿಸುವವರಿಗೆ ತಲಾ 50,000 ರೂಪಾಯಿ ಸಹಾಯಧನ ಕೊಡುವುದಾಗಿ ನಮ್ಮ ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ಹೇಳಿತ್ತು. ಈಗ ಯಾವ ಸಹಾಯ ಇದೆ, ಯಾವ ಕಾಗದ ಬೇಕು ಅಂತ ವಿಚಾರಿಸಿ. ಎಂಜಿನ್ ಕೊಂಡ ಮೇಲೆ ಕೇಳಿದರೆ ತಡವಾಗಬಹುದು.

ರಿಪೇರಿಯಾಗಲಿ, ಹೊಸತಾಗಲಿ, ನೋಡಿಕೊಳ್ಳುವ ಕೆಲಸ ಇದ್ದೇ ಇದೆ. ಎಂಜಿನ್ ಓಡುವಾಗ ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿರಬೇಕು. ನೀರು ನಿಂತರೆ ಕೂಡಲೇ ಎಂಜಿನ್ ನಿಲ್ಲಿಸಬೇಕು. ಗೇರ್ ಎಣ್ಣೆ ಹಾಲಿನ ಹಾಗೆ ಬೆಳ್ಳಗೆ ಕಂಡರೆ ಒಳಗೆ ನೀರು ಸೇರಿದೆ ಅಂತ ಅರ್ಥ. ಕಡಲಿನಿಂದ ಬಂದ ಮೇಲೆ ಎಂಜಿನ್ ಒಳಗೆ ಸಿಹಿನೀರು ಹಾಯಿಸಬೇಕು. ನಮ್ಮ ಮಕ್ಕಳೂ ಕಲಿಯಬಹುದಾದ ಕೆಲಸ ಇದು.

ಅಕ್ಕಂದಿರೇ, ಕೆಲವು ಮನೆಗಳಲ್ಲಿ "ನಿನಗೇನು ಗೊತ್ತು?" ಅನ್ನುವ ಮಾತು ಬರಬಹುದು. ಬೇಸರ ಬೇಡ, ಜಗಳವೂ ಬೇಡ. ಚೀಟಿಯನ್ನು ಮುಂದಿಟ್ಟು ಎಲ್ಲರೂ ಕೂತು ಓದೋಣ. ಬೆರಳು ಇಟ್ಟು ಒಂದೊಂದೇ ಸಾಲು ಓದೋಣ. ಅರ್ಥವಾಗದ್ದನ್ನು ಕೇಳೋಣ. ಕೂಡಿಸಿ, ಭಾಗಿಸಿ ನೋಡೋಣ. ಅಕ್ಷರ ಕಲಿತದ್ದು ಹೆಸರು ಬರೆಯಲಿಕ್ಕೆ ಮಾತ್ರವೇ? ಯಾವ ಕಾಗದಕ್ಕೆ ಹೆಸರು ಬರೆಯುತ್ತಿದ್ದೇವೆ ಅಂತ ತಿಳಿಯಲಿಕ್ಕೂ ಹೌದು.

ಮೊದಲು ಓದೋಣ. ಆಮೇಲೆ ಸಹಿ ಹಾಕೋಣ.